ದಿಂಬು ಎಣಿಸುವಷ್ಟು ಪುರುಸೊತ್ತು ಕೊಡಿ

ಎಷ್ಟು ನರ್ಸ್‌ಗಳಿರಬೇಕು, ಅವರು ದಿನಕ್ಕೆ ಎಷ್ಟು ಮನೆಗೆ ಹೋಗಬೇಕು ಎಂದು ತೀರ್ಮಾನಿಸುವ ಎಲ್ಲರಿಗೂ,

ಮಾನ್ಯರೇ,

ನಾನು ಸಮುದಾಯ ನರ್ಸ್. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಪಟ್ಟಿಯಲ್ಲಿರುವ ಹೆಚ್ಚಿನವರಿಗೆ ಹಾರ್ಟ್ ಫೇಲ್ಯೂರ್. ದಿನದ ಕೊನೆಗೆ ಒಂದು ಫಾರಂ ತುಂಬಬೇಕು. ಬಿಪಿ ಎಷ್ಟು, ನಾಡಿ ಎಷ್ಟು, ತೂಕ ಎಷ್ಟು, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಹೊರಟೆ, ಒಟ್ಟು ಎಷ್ಟು ಮನೆ. ಎಲ್ಲಕ್ಕೂ ಕಾಲಂ ಇದೆ. ದಿಂಬು ಎಷ್ಟು ಅನ್ನುವುದಕ್ಕೆ ಇಲ್ಲ.

ನಗಬೇಡಿ. ಈ ಕಾಯಿಲೆಯಲ್ಲಿ ದಿಂಬಿನ ಲೆಕ್ಕಕ್ಕೂ ಬಿಪಿಯಷ್ಟೇ ಬೆಲೆ ಇದೆ. ಹೃದಯದ ಪಂಪು ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಹಗಲು ಕೂತು, ಓಡಾಡಿಕೊಂಡು ಇರುವಾಗ ಅದು ಕಾಲಿಗೆ ಇಳಿದಿರುತ್ತದೆ. ರಾತ್ರಿ ಅಂಗಾತ ಮಲಗಿದರೆ ಅದೇ ನೀರು ರಕ್ತಕ್ಕೆ ವಾಪಸ್ ಬಂದು ಶ್ವಾಸಕೋಶದ ಮೇಲೆ ಹೊರೆಯಾಗುತ್ತದೆ. ಉಸಿರು ಕಟ್ಟುತ್ತದೆ. ಆಗ ಜನ ಏನು ಮಾಡುತ್ತಾರೆ? ಡಾಕ್ಟರಿಗೆ ಫೋನ್ ಮಾಡುವುದಿಲ್ಲ, ಇನ್ನೊಂದು ದಿಂಬು ಇಟ್ಟುಕೊಳ್ಳುತ್ತಾರೆ. ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ, ಆಮೇಲೆ ಹಾಸಿಗೆ ಬಿಟ್ಟು ಕುರ್ಚಿಗೆ ಬರುತ್ತಾರೆ. ಕೇಳಿದರೆ ‘ಯಾಕೋ ನಿದ್ದೆ ಸರಿ ಬರ್ತಿಲ್ಲ, ವಯಸ್ಸಾಯ್ತಲ್ಲ’ ಅನ್ನುತ್ತಾರೆ.

ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ‘ಚೆನ್ನಾಗಿದ್ದೀನಿ ಸಿಸ್ಟರ್’ ಅಂದರು. ಬಿಪಿ ಸರಿ ಇತ್ತು, ನಾಡಿ ಪರವಾಗಿಲ್ಲ. ಹೊರಡಬಹುದಿತ್ತು. ಯಾಕೋ ಒಳಗೆ ಹೋಗಿ ಹಾಸಿಗೆ ನೋಡಿದೆ. ಮಡಿಕೆ ಮುರಿಯದ ಹೊದಿಕೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮಾತ್ರ ಮೂರು ದಿಂಬು, ಕೆಳಗೆ ಕಾಲಿಡಲು ಒಂದು ಸ್ಟೂಲು. ‘ಎಷ್ಟು ದಿನದಿಂದ ಅಜ್ಜಿ?’ ಅಂದೆ. ಅವರು ಮಗನ ಕಡೆ ನೋಡಿದರು. ಮಗನಿಗೆ ಗೊತ್ತಿರಲಿಲ್ಲ. ಕೊನೆಗೆ ‘ಒಂದು ವಾರ ಆಗಿರಬೇಕು’ ಅಂದರು. ಡಾಕ್ಟರಿಗೆ ಫೋನ್ ಮಾಡಿದೆ, ಅವರು ಸಿಗಲು ಇಪ್ಪತ್ತು ನಿಮಿಷ ಕಾದೆ. ನೀರಿಳಿಸುವ ಮಾತ್ರೆ ಮೂರು ದಿನಕ್ಕೆ ಹೆಚ್ಚಾಯಿತು. ನಾಲ್ಕನೇ ದಿನ ಅಜ್ಜಿ ಹಾಸಿಗೆಯಲ್ಲಿ ಮಲಗಿದ್ದರು, ಎರಡೇ ದಿಂಬು.

ಆ ಭೇಟಿಗೆ ಹಿಡಿದದ್ದು 55 ನಿಮಿಷ. ಪಟ್ಟಿಯಲ್ಲಿ ಇದ್ದದ್ದು 20 ನಿಮಿಷ. ಅವತ್ತು ಉಳಿದ ಮನೆಗಳಲ್ಲಿ ನಾನು ನಿಂತೇ ಮಾತಾಡಿ ಬಂದೆ. ಹಾಸಿಗೆ ನೋಡಲಿಲ್ಲ. ನಿಮ್ಮ ಲೆಕ್ಕದಲ್ಲಿ ಅವತ್ತು ನಾನು ಮಾಡಿದ ತಪ್ಪು, ಅಜ್ಜಿಯ ಮನೆಯಲ್ಲಿ ತಡ ಮಾಡಿದ್ದು. ನನ್ನ ಲೆಕ್ಕದಲ್ಲಿ, ಮಿಕ್ಕ ಮನೆಗಳಲ್ಲಿ ತಡ ಮಾಡದೇ ಇದ್ದದ್ದು. ಈ ಪತ್ರ ಬರೆಯುತ್ತಿರುವುದೇ ಈ ಎರಡು ಲೆಕ್ಕಗಳ ಜಗಳಕ್ಕೆ.

ಮೊದಲು ಕಾಯಿಲೆಯ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಭಾಷೆಯಲ್ಲಿ ‘ಹಾರ್ಟ್ ಫೇಲ್ ಆಯ್ತು’ ಅಂದರೆ ಮನುಷ್ಯ ಹೋದ ಎಂದೇ ಅರ್ಥ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ‘ಹಾರ್ಟ್ ಫೇಲ್ಯೂರ್’ ಎಂದು ಓದಿದ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಕೆಲವರು ರೋಗಿಯಿಂದ ಚೀಟಿಯನ್ನೇ ಬಚ್ಚಿಡುತ್ತಾರೆ. ‘ಹೃದಯ ವೈಫಲ್ಯ’ ಅಂದರೂ ಅಷ್ಟೇ. ನಿಜಕ್ಕೂ ಹೃದಯ ನಿಂತಿರುವುದಿಲ್ಲ. ಮೈಗೆ ಬೇಕಾದಷ್ಟು ರಕ್ತ ತಳ್ಳಲು, ಇಲ್ಲವೇ ಬಂದ ರಕ್ತವನ್ನು ಸಲೀಸಾಗಿ ತುಂಬಿಸಿಕೊಳ್ಳಲು ಆಗದೆ ಏದುತ್ತಿರುತ್ತದೆ. ಎರಡನೆಯದು ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಅವರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಪಂಪಿಂಗ್ ಪ್ರಮಾಣ 55, 60 ಶೇಕಡಾ ಎಂದು ಇರುತ್ತದೆ. ‘ಪಂಪಿಂಗ್ ನಾರ್ಮಲ್ ಅಂತೆ, ಸುಮ್ನೆ ಗಾಬರಿ ಆದೆವು’ ಎಂದು ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹೃದಯ ಗಟ್ಟಿಯಾಗಿ ಬಿಗಿದುಕೊಂಡಿದೆ, ಪಂಪಿಂಗ್ ಚೆನ್ನಾಗಿದ್ದರೂ ಕಾಯಿಲೆ ಕಾಯಿಲೆಯೇ ಎಂದು ಕೂತು ಹೇಳುವವರು ಬೇಕು. ಒಂದು ಸಲ ಹೇಳಿದರೆ ಸಾಲದು.

ಜಗತ್ತಿನಲ್ಲಿ ಆರು ಕೋಟಿಗೂ ಜಾಸ್ತಿ ಜನರಿಗೆ ಈ ಕಾಯಿಲೆ ಇದೆ. ಮತ್ತೆ ಮತ್ತೆ ಆಸ್ಪತ್ರೆ ಸೇರಿಸುವುದರಲ್ಲಿ ಇದು ಮುಂದು. ಅಮೆರಿಕದಲ್ಲಿ ಸರ್ಕಾರಿ ವಿಮೆ ಇರುವ ವೃದ್ಧರ ಲೆಕ್ಕ ತೆಗೆದರೆ, ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗಿ ಮನೆಗೆ ಹೋದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು 30 ದಿನದೊಳಗೆ ವಾಪಸ್ ಬರುತ್ತಾರೆ. ಅಂದರೆ ಆಸ್ಪತ್ರೆ ಬಾಗಿಲು ದಾಟಿದ ಮೊದಲ ಕೆಲವು ವಾರ ಬಹಳ ನಾಜೂಕು. ಆ ವಾರಗಳಲ್ಲೇ ನಮ್ಮ ಪಟ್ಟಿಗೆ ಹೆಸರು ಸೇರುವುದು ತಡವಾಗುತ್ತದೆ. ಒಮ್ಮೆ ಡಿಸ್ಚಾರ್ಜ್ ಆದ ಹದಿನೆಂಟನೇ ದಿನ ನನಗೆ ಒಬ್ಬ ಅಜ್ಜನ ಹೆಸರು ಬಂತು. ಹೋಗಿ ನೋಡಿದರೆ ಬೀಗ. ಹನ್ನೆರಡನೇ ದಿನವೇ ಅವರನ್ನು ವಾಪಸ್ ಅಡ್ಮಿಟ್ ಮಾಡಿದ್ದರು. ಫಾರಂನಲ್ಲಿ ‘ರೋಗಿ ಲಭ್ಯವಿಲ್ಲ’ ಎಂದು ಬರೆದೆ.

ನರ್ಸ್ ಮನೆಗೆ ಹೋದರೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಕೇಳಲೇಬೇಕು, ಹಣ ಕೊಡುವವರು ನೀವು. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ರಿಚ್ ಎಂಬ ಡಾಕ್ಟರ್ ಮತ್ತು ತಂಡದವರು 70 ದಾಟಿದ 282 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ನರ್ಸ್ ಮುಂದಾಳಾಗಿ ಕಾಯಿಲೆಯ ಬಗ್ಗೆ ಹೇಳಿಕೊಡುವುದು, ಮಾತ್ರೆಗಳನ್ನು ಮತ್ತೆ ನೋಡುವುದು, ಮನೆಗೆ ಹೋಗುವುದು, ಫೋನ್ ಮಾಡುವುದು. 90 ದಿನದಲ್ಲಿ ಆ ಗುಂಪಿನಲ್ಲಿ ಹಾರ್ಟ್ ಫೇಲ್ಯೂರ್‌ಗಾಗಿ ಮತ್ತೆ ಅಡ್ಮಿಟ್ ಆಗುವುದು 56 ಶೇಕಡಾ ಕಡಿಮೆಯಾಯಿತು. 2001ರಲ್ಲಿ ಗ್ಲಾಸ್ಗೋದಲ್ಲಿ 165 ರೋಗಿಗಳ ಮನೆಗೆ ತರಬೇತಾದ ನರ್ಸ್‌ಗಳು ಹೋದಾಗಲೂ ಇದೇ ದಿಕ್ಕಿನ ಫಲ ಸಿಕ್ಕಿತು.

ಎಲ್ಲ ಕಡೆ ಹೀಗೇ ಆಯಿತು ಎಂದು ನಾನು ಹೇಳುವುದಿಲ್ಲ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 1,023 ರೋಗಿಗಳ ದೊಡ್ಡ ಅಧ್ಯಯನ ನಡೆಯಿತು. ನರ್ಸ್‌ಗಳ ಸಲಹೆ, ಬೆಂಬಲ ಸಿಕ್ಕವರಿಗೂ ಮಾಮೂಲಿ ಆರೈಕೆ ಸಿಕ್ಕವರಿಗೂ ಸಾವು ಮತ್ತು ಅಡ್ಮಿಷನ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಿಮ್ಮ ಮೇಜಿನ ಮೇಲೆ ಯಾರಾದರೂ ಇಟ್ಟೇ ಇಡುತ್ತಾರೆ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ನನಗೆ ಅನ್ನಿಸುವುದು ಇಷ್ಟು: ಅಲ್ಲಿ ಮಾಮೂಲಿ ಆರೈಕೆಯಲ್ಲೇ ಹೃದಯ ತಜ್ಞರು ರೋಗಿಗಳನ್ನು ಆಗಾಗ ನೋಡುತ್ತಿದ್ದರು. ಯಾರೂ ನೋಡದ ಕಡೆ ಒಬ್ಬರು ಹೋಗುವುದಕ್ಕೂ, ಆಗಲೇ ಚೆನ್ನಾಗಿ ನೋಡುತ್ತಿರುವ ಕಡೆ ಇನ್ನೊಬ್ಬರು ಹೋಗುವುದಕ್ಕೂ ವ್ಯತ್ಯಾಸ ಇದೆಯಲ್ಲ.

ಇನ್ನು ಮಾತ್ರೆಗಳ ಕಥೆ. ಮನೆಗೆ ಹೋಗುವ ನರ್ಸ್‌ಗೆ ಮಾತ್ರ ಗೊತ್ತಾಗುವುದು ಇಲ್ಲೇ ಜಾಸ್ತಿ. ಕ್ಲಿನಿಕ್ಕಿಗೆ ರೋಗಿ ತರುವುದು ಚೀಟಿ. ಮನೆಯಲ್ಲಿ ನಾನು ತೆಗೆಯುವುದು ಡ್ರಾಯರ್. ಒಂದೇ ಔಷಧಿ ಎರಡು ಹೆಸರಿನಲ್ಲಿ, ಎರಡು ಬಣ್ಣದಲ್ಲಿ ಇರುತ್ತದೆ. ಹಳೇ ಡಾಕ್ಟರ್ ಕೊಟ್ಟದ್ದು ಒಂದು, ಆಸ್ಪತ್ರೆಯವರು ಕೊಟ್ಟದ್ದು ಇನ್ನೊಂದು. ರೋಗಿ ಎರಡನ್ನೂ ನಿಯತ್ತಾಗಿ ನುಂಗುತ್ತಿರುತ್ತಾರೆ. ಡ್ರಾಯರ್‌ನ ಹಿಂದೆ ಮಂಡಿ ನೋವಿನ ಮಾತ್ರೆ: ಐಬುಪ್ರೊಫೇನ್ ಅಥವಾ ಡೈಕ್ಲೋಫೆನಾಕ್. ಇವು ಕಿಡ್ನಿಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ನೀರಿಳಿಸುವ ಮಾತ್ರೆ ಒಂದು ಕಡೆ ಎಳೆದರೆ ಇವು ಇನ್ನೊಂದು ಕಡೆ ಎಳೆಯುತ್ತವೆ. ‘ಬೇರೆ ಮಾತ್ರೆ ತಗೊಳ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ನೋವಿನ ಮಾತ್ರೆಯನ್ನು ಅವರು ಔಷಧಿ ಎಂದು ಎಣಿಸಿರುವುದೇ ಇಲ್ಲ. ನೀರಿಗೆ ಹಾಕಿದರೆ ಬುರುಬುರು ಕರಗುವ ಮಾತ್ರೆಗಳೂ ಹಾಗೆಯೇ, ಅವುಗಳಲ್ಲಿ ಸೋಡಿಯಂ ತುಂಬಾ ಇರುತ್ತದೆ. ಉಪ್ಪು ಬಿಡಿ ಅಂದದ್ದಕ್ಕೆ ಒಬ್ಬರು ‘ಹೃದಯಕ್ಕೆ ಒಳ್ಳೆಯ ಉಪ್ಪು’ ತಂದಿಟ್ಟಿದ್ದರು. ಅಂಥ ಬದಲಿ ಉಪ್ಪಿನಲ್ಲಿ ಇರುವುದು ಪೊಟ್ಯಾಸಿಯಂ. ಅವರು ತೆಗೆದುಕೊಳ್ಳುತ್ತಿದ್ದ ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಏರಿಸುವ ಮಾತ್ರೆಯೇ. ಎರಡೂ ಸೇರಿದರೆ ಹೃದಯದ ಬಡಿತವೇ ಹಳಿ ತಪ್ಪಬಹುದು.

ಆ ಮಾತ್ರೆಯ ಹೆಸರು ಬಂದಿದ್ದರಿಂದ ಒಂದು ಹಳೆಯ ಸಂಗತಿ. 1999ರಲ್ಲಿ ಒಂದು ದೊಡ್ಡ ಅಧ್ಯಯನ, ತೀವ್ರ ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಸ್ಪೈರೊನೊಲ್ಯಾಕ್ಟೋನ್ ಸಾವನ್ನು 30 ಶೇಕಡಾ ಕಡಿಮೆ ಮಾಡಿತು ಎಂದು ತೋರಿಸಿತು. ಡಾಕ್ಟರುಗಳು ಖುಷಿಯಿಂದ ಬರೆಯತೊಡಗಿದರು. ಕೆನಡಾದ ಒಂಟಾರಿಯೊದಲ್ಲಿ ಏನಾಯಿತು ನೋಡಿ. ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗಿ ಬಂದು, ಎಸಿಇ ತಡೆ ಮಾತ್ರೆ (ಬಿಪಿಗೂ ಹೃದಯಕ್ಕೂ ಕೊಡುವ ಒಂದು ಬಗೆಯ ಮಾತ್ರೆ) ತೆಗೆದುಕೊಳ್ಳುತ್ತಿದ್ದ ವೃದ್ಧರಲ್ಲಿ, ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವುದು 1994ರಲ್ಲಿ ಸಾವಿರಕ್ಕೆ 2.4 ಇದ್ದದ್ದು 2001ಕ್ಕೆ 11 ಆಯಿತು. ಸಾವುಗಳೂ ಏರಿದವು. ಆದರೆ ಸ್ಕಾಟ್ಲೆಂಡ್‌ನ ಟೇಸೈಡ್‌ನಲ್ಲಿ ಇದೇ ಮಾತ್ರೆಯ ಬಳಕೆ ಹೆಚ್ಚಿದರೂ ಹಾಗೆ ಆಗಲಿಲ್ಲ ಎಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ಮಾತ್ರೆಯ ಜೊತೆಗೇ ರಕ್ತ ಪರೀಕ್ಷೆಯೂ ಹೆಚ್ಚಿತ್ತು. ಮಾತ್ರೆ ಅದೇ. ಹಿಂದೆ ಹೋಗಿ ನೋಡುವವರು ಇದ್ದರೋ ಇಲ್ಲವೋ ಅನ್ನುವುದಷ್ಟೇ ಬೇರೆ. ನೀವು ಹೊಸ ಔಷಧಿಗೆ ಹಣ ಇಡುವಾಗ, ಅದು ಶುರುವಾದ ಒಂದೆರಡು ವಾರದಲ್ಲಿ ಮನೆಗೆ ಹೋಗಿ ರಕ್ತ ತೆಗೆಯುವವರ ಸಂಬಳವನ್ನೂ ಆ ಔಷಧಿಯ ಬೆಲೆಯೊಳಗೇ ಸೇರಿಸಿ ಎಂದು ನನ್ನ ಬೇಡಿಕೆ.

ನೀರಿಳಿಸುವ ಮಾತ್ರೆಯ ಬಗ್ಗೆ ಹೇಳದಿದ್ದರೆ ಈ ಪತ್ರ ಅಪೂರ್ಣ. ಫ್ಯುರೋಸಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸುಮಾರು ಆರು ಗಂಟೆ ಹೊತ್ತು ಬಿಡದೆ ಬಚ್ಚಲಿಗೆ ಓಡಿಸುತ್ತದೆ. ಮಂಡಿ ಹಿಡಿದ 80 ವರ್ಷದವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಹೊರಗೆ ಹೋಗುವ ದಿನ ಮಾತ್ರೆ ಬಿಡುತ್ತಾರೆ. ಆಮೇಲೆ ‘ಬಿಟ್ಟಿದ್ದಕ್ಕೆ ಏನೂ ಆಗಲಿಲ್ಲವಲ್ಲ’ ಎಂದು ಇನ್ನೂ ಎರಡು ದಿನ ಬಿಡುತ್ತಾರೆ. ಕಡತದಲ್ಲಿ ಇದಕ್ಕೆ ‘ರೋಗಿ ಸಹಕರಿಸುತ್ತಿಲ್ಲ’ ಎಂಬ ಹೆಸರು. ನನಗೆ ಆ ಪದ ಕಂಡರೆ ಸಿಟ್ಟು. ಒಬ್ಬ ಅಜ್ಜ ಹೇಳಿದರು: ‘ಬಟ್ಟೆ ಒದ್ದೆಯಾದರೆ ಸೊಸೆ ಮುಂದೆ ಹೇಗಮ್ಮ ಮುಖ ತೋರಿಸಲಿ?’ ಡಾಕ್ಟರನ್ನು ಕೇಳಿ, ಹೊರಗೆ ಹೋಗುವ ದಿನ ವಾಪಸ್ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳುವಂತೆ ಹೊತ್ತು ಬದಲಿಸಿದೆವು. ರಾತ್ರಿ ಮಾತ್ರ ಬೇಡ, ಕತ್ತಲಲ್ಲಿ ಎದ್ದು ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಅವರ ಜೊತೆ ನಡೆದು ನೋಡಿದೆ. ಹದಿನಾಲ್ಕು ಹೆಜ್ಜೆ, ನಡುವೆ ಒಂದು ಹೊಸ್ತಿಲು. ಆಮೇಲೆ ಅವರು ಮಾತ್ರೆ ಬಿಟ್ಟಿಲ್ಲ.

ತೂಕ ನೋಡುವುದೂ ಹೀಗೆಯೇ. ನಿಯಮ ಸುಲಭ: ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ಏನೂ ತಿನ್ನುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ, ಅದೇ ತಕ್ಕಡಿ ಮೇಲೆ ನಿಲ್ಲಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ತಿಳಿಸಬೇಕು. ನಾನು ನೋಡಿದ ಒಂದು ಪುಸ್ತಕದಲ್ಲಿ ಇಡೀ ತಿಂಗಳು 61.5. ಮುಂದಿನ ಭಾನುವಾರದ್ದೂ ಆಗಲೇ ಬರೆದಿತ್ತು! ತಕ್ಕಡಿಯ ಅಂಕಿ ಕಣ್ಣಿಗೆ ಕಾಣುತ್ತಿರಲಿಲ್ಲ, ಹೇಳಲು ನಾಚಿಕೆ. ದೊಡ್ಡ ಅಂಕಿಯ ತಕ್ಕಡಿ ಬಂದ ಮೇಲೆ ಸರಿಹೋಯಿತು.

ಆದರೆ ತೂಕ ನಿಜವಾಗಿ ಬದಲಾಗದೇ ಇದ್ದರೂ ಮೋಸ ಇರಬಹುದು. ಈ ಕಾಯಿಲೆ ಹಳೆಯದಾದಂತೆ ಮೈಯ ಮಾಂಸ ಕರಗುತ್ತದೆ. ಮಾಂಸ ಒಂದು ಕಿಲೋ ಇಳಿದು ನೀರು ಒಂದು ಕಿಲೋ ಏರಿದರೆ ತಕ್ಕಡಿ ‘ಎಲ್ಲ ಸರಿ’ ಅನ್ನುತ್ತದೆ. ಭುಜದ ಮೂಳೆ ಎದ್ದಿದೆ, ತೋಳಿನ ಅಂಗಿ ಸಡಿಲ, ಕಾಲಿನ ಚಪ್ಪಲಿ ಮಾತ್ರ ಬಿಗಿ. ಕಾಲ್ಗಂಟಿನ ಮೇಲೆ ಬೆರಳೊತ್ತಿ ತೆಗೆದರೆ ಗುಳಿ ಹಾಗೇ ನಿಲ್ಲುತ್ತದೆ. ಇದನ್ನು ಯಾವ ತಕ್ಕಡಿಯೂ ನಿಮಗೆ ಹೇಳುವುದಿಲ್ಲ.

ಇದನ್ನು ಹೇಳಲು ಕಾರಣ ಇದೆ. ಮನೆ ಭೇಟಿ ದುಬಾರಿ, ಅದರ ಬದಲು ಫೋನ್, ಆಪ್ ಸಾಕು ಎಂಬ ಮಾತು ಮೀಟಿಂಗುಗಳಲ್ಲಿ ಕೇಳಿಬರುತ್ತಿದೆ. ನಾನು ಫೋನಿನ ವಿರೋಧಿ ಅಲ್ಲ, ದಿನಾ ಹತ್ತಾರು ಕರೆ ಮಾಡುತ್ತೇನೆ. ಆದರೆ 2010ರಲ್ಲಿ ಅಮೆರಿಕದಲ್ಲಿ 1,653 ರೋಗಿಗಳ ಮೇಲೆ ಇದನ್ನು ಮಾಡಿ ನೋಡಿದ್ದಾರೆ. ರೋಗಿ ದಿನಾ ಒಂದು ಯಂತ್ರದ ದನಿಗೆ ಫೋನ್ ಮಾಡಿ ತೂಕ, ತೊಂದರೆ ಹೇಳಬೇಕು. ಆರು ತಿಂಗಳಾದ ಮೇಲೆ ನೋಡಿದರೆ ಅಡ್ಮಿಷನ್, ಸಾವು ಎರಡೂ ಕಡಿಮೆಯಾಗಿರಲಿಲ್ಲ. ಏಳರಲ್ಲಿ ಒಬ್ಬರು ಆ ಯಂತ್ರವನ್ನು ಒಮ್ಮೆಯೂ ಬಳಸಿರಲಿಲ್ಲ. 2018ರಲ್ಲಿ ಜರ್ಮನಿಯಲ್ಲಿ ಇಂಥದ್ದೇ ವ್ಯವಸ್ಥೆ ಕೆಲಸ ಮಾಡಿತು. ಯಾಕೆ? ಆ ತುದಿಯಲ್ಲಿ ದಿನದ 24 ಗಂಟೆಯೂ ಡಾಕ್ಟರ್, ನರ್ಸ್ ಕೂತಿದ್ದರು. ಅಂದರೆ ಜನರನ್ನು ಉಳಿಸಿಕೊಂಡು ಯಂತ್ರ ಕೊಂಡವರಿಗೆ ಲಾಭವಾಯಿತು. ಜನರನ್ನು ಕಡಿಮೆ ಮಾಡಲು ಯಂತ್ರ ಕೊಳ್ಳುವ ಯೋಚನೆ ನಿಮಗಿದ್ದರೆ ಮೊದಲನೇ ಅಧ್ಯಯನ ಓದಿ.

ನರ್ಸ್‌ಗಳೇ ಸಿಗುವುದಿಲ್ಲ ಎಂದು ನೀವು ಹೇಳುತ್ತೀರಿ. ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳ ಕೊರತೆ. ಆದರೆ ಒಬ್ಬರೇ ಅಜ್ಜ ಮೂರು ಸಲ ವಾಪಸ್ ಅಡ್ಮಿಟ್ ಆದರೆ, ವಾರ್ಡಿನಲ್ಲಿ ಮೂರು ಪಾಳಿ ಅವರನ್ನು ನೋಡಿಕೊಳ್ಳುವವರೂ ನರ್ಸ್‌ಗಳೇ ಅಲ್ವಾ? ಆ ಲೆಕ್ಕ ಬೇರೆ ಕಡತದಲ್ಲಿ ಇರುವುದರಿಂದ ನಮ್ಮ 55 ನಿಮಿಷ ನಿಮಗೆ ದುಂದು ಅನ್ನಿಸುತ್ತದೆ.

ಸಮಯದ ಜೊತೆಗೆ ಸ್ವಲ್ಪ ಅಧಿಕಾರವನ್ನೂ ಕೇಳುತ್ತಿದ್ದೇನೆ. ಈ ರೋಗಿಯ ತೂಕ ಇಷ್ಟು ಏರಿದರೆ ನೀರಿಳಿಸುವ ಮಾತ್ರೆ ಇಷ್ಟು ಹೆಚ್ಚಿಸು, ಬಿಪಿ ಇಷ್ಟಕ್ಕಿಂತ ಇಳಿದರೆ ಮುಟ್ಟಬೇಡ, ನನಗೆ ಫೋನ್ ಮಾಡು. ಹೀಗೆ ಡಾಕ್ಟರ್ ಮೊದಲೇ ಬರೆದುಕೊಟ್ಟರೆ, ತರಬೇತಾದ ನರ್ಸ್ ಅದರೊಳಗೆ ನಡೆಯಬಹುದು. ಎಷ್ಟೋ ಕಡೆ ಹೀಗೆ ನಡೆಯುತ್ತಿದೆ. 2022ರಲ್ಲಿ 14 ದೇಶಗಳ 1,078 ರೋಗಿಗಳ ಅಧ್ಯಯನವೊಂದು ಡಿಸ್ಚಾರ್ಜ್ ಆದ ಎರಡೇ ವಾರದಲ್ಲಿ ಹಾರ್ಟ್ ಫೇಲ್ಯೂರ್ ಮಾತ್ರೆಗಳನ್ನು ಪೂರ್ತಿ ಪ್ರಮಾಣಕ್ಕೆ ಏರಿಸಿ, ಆಗಾಗ ಕರೆದು ಪರೀಕ್ಷಿಸಿತು. ಆರು ತಿಂಗಳಲ್ಲಿ ಸತ್ತವರು ಅಥವಾ ಹಾರ್ಟ್ ಫೇಲ್ಯೂರ್‌ಗೆ ಮತ್ತೆ ಅಡ್ಮಿಟ್ ಆದವರು ಆ ಗುಂಪಿನಲ್ಲಿ 15.2 ಶೇಕಡಾ, ಮಾಮೂಲಿ ಆರೈಕೆಯಲ್ಲಿ 23.3. ಅಷ್ಟು ಬೇಗ ಏರಿಸಬೇಕಾದರೆ ಅಷ್ಟೇ ಬೇಗ ಬೇಗ ನೋಡುವವರು ಬೇಕು. ಡಾಕ್ಟರ್ ಸಿಗಲು ಮೂರು ದಿನ ಕಾಯುವ ನರ್ಸ್‌ನಿಂದ ಅದು ಆಗದು.

ಇನ್ನೊಂದು ಮಾತು, ಹೇಳಲು ಕಷ್ಟ. ಈ ಕಾಯಿಲೆ ಗೊತ್ತಾದ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಳ್ಳುತ್ತಾರೆ. ಕ್ಯಾನ್ಸರ್ ಅಂದರೆ ಮನೆಯವರು ಸಾವಿನ ಬಗ್ಗೆ ಮಾತಾಡಲು ತಯಾರಾಗುತ್ತಾರೆ. ಇಲ್ಲಿ ಹಾಗಲ್ಲ. ಒಮ್ಮೆ ಕೆಡುತ್ತದೆ, ಆಮೇಲೆ ಸುಧಾರಿಸುತ್ತದೆ, ಮತ್ತೆ ಕೆಡುತ್ತದೆ, ಪ್ರತಿ ಸಲ ‘ಈ ಸಲವೂ ಪಾರಾಗುತ್ತಾರೆ’ ಎಂದು ಅನ್ನಿಸುತ್ತದೆ. ಎದೆಯಲ್ಲಿ ಶಾಕ್ ಕೊಡುವ ಯಂತ್ರ ಇಟ್ಟವರಿದ್ದಾರೆ. ಕೊನೆಗಾಲದಲ್ಲಿ ಅದನ್ನು ಆಪರೇಷನ್ ಇಲ್ಲದೆ ಬಂದ್ ಮಾಡಬಹುದು ಎಂದು ಎಷ್ಟು ಮನೆಯವರಿಗೆ ಗೊತ್ತು? ಯಾರೂ ಹೇಳದಿದ್ದರೆ ಸಾಯುತ್ತಿರುವ ಮನುಷ್ಯನಿಗೆ ಅದು ಮತ್ತೆ ಮತ್ತೆ ಶಾಕ್ ಹೊಡೆಯಬಹುದು. ಅಜ್ಜ, ಅಜ್ಜಿಯರು ಈ ಮಾತು ಎತ್ತುವುದು ನಾನು ಬ್ಯಾಗ್ ಮುಚ್ಚಿ ಏಳುವಾಗ. ‘ಸಿಸ್ಟರ್, ಇನ್ನೆಷ್ಟು ದಿನ ಅಂತ ನಿಮಗೆ ಗೊತ್ತಿರುತ್ತಲ್ಲ?’ ಆಗ ನಾನು ಮತ್ತೆ ಕೂರಬೇಕು. ಹೋದ ತಿಂಗಳು ಒಬ್ಬರ ಮನೆಯಲ್ಲಿ ಕೂರಲಿಲ್ಲ. ‘ನಾಡಿದ್ದು ಬರ್ತೀನಿ, ಆಗ ಮಾತಾಡೋಣ’ ಅಂದೆ. ಪಟ್ಟಿಯಲ್ಲಿ ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ನಾಡಿದ್ದು ಹೋಗುವಷ್ಟರಲ್ಲಿ ಅವರಿರಲಿಲ್ಲ. ಅವರ ಮಗಳು ಬಾಗಿಲು ತೆಗೆದು ‘ಅಮ್ಮ ನಿಮ್ಮನ್ನು ಕೇಳ್ತಿದ್ರು’ ಅಂದರು.

ಆ ದಿನದ ಫಾರಂನಲ್ಲಿ ನನ್ನ ಅಂಕ ಪೂರ್ತಿ. ಒಂಬತ್ತಕ್ಕೆ ಒಂಬತ್ತು ಮನೆ.

ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಬರುವ ‘ನಿಮ್ಮ ಸೇವೆಯನ್ನು ಗೌರವಿಸುತ್ತೇವೆ’ ಎಂಬ ಉತ್ತರ ದಯವಿಟ್ಟು ಬೇಡ. ಒಂದು ಪ್ರಶ್ನೆಗೆ ಉತ್ತರ ಕೊಡಿ. ಇವತ್ತು ಹಾರ್ಟ್ ಫೇಲ್ಯೂರ್‌ನಿಂದ ಡಿಸ್ಚಾರ್ಜ್ ಆಗಿ ಹೋಗುವ 80 ವರ್ಷದವರೊಬ್ಬರ ಮನೆಗೆ ಏಳು ದಿನದೊಳಗೆ ಯಾರು ಹೋಗುತ್ತಾರೆ, ಅಲ್ಲಿ ಎಷ್ಟು ಹೊತ್ತು ಕೂರಲು ಅವರಿಗೆ ಬಿಡುವಿದೆ? ಹೆಸರು ಬೇಡ, ಹುದ್ದೆ ಮತ್ತು ನಿಮಿಷ ಬರೆದರೆ ಸಾಕು.

ಇಂತಿ,
ಒಬ್ಬ ಸಮುದಾಯ ನರ್ಸ್